ಗಾಳಿಯೇ ಸ್ಪ್ರಿಂಗ್ ಆದ ಬಿಲ್ಲು

ಸೈಕಲ್ ಪಂಪಿನ ಬಾಯಿಗೆ ಹೆಬ್ಬೆರಳು ಒತ್ತಿ ಹಿಡಿಕೆಯನ್ನು ಕೆಳಗೆ ದಬ್ಬಿ ಬಿಡಿ, ಪುಟಿದು ಮೇಲೆ ಬರುತ್ತದೆ. ಈ ಪುಟಿತವನ್ನೇ ಯುದ್ಧದ ಬಿಲ್ಲಿಗೆ ಹೂಡಲು ಹೊರಟವನು ಕ್ರಿ.ಪೂ. 3ನೇ ಶತಮಾನದಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯದಲ್ಲಿದ್ದ ಗ್ರೀಕ್ ಯಂತ್ರಕಾರ ಕ್ಟೆಸಿಬಿಯಸ್. ಕ್ಷೌರಿಕನ ಮಗ. ಅಪ್ಪನ ಅಂಗಡಿಯ ಕನ್ನಡಿಯನ್ನು ಏರಿಸಿ ಇಳಿಸಲು ಕಟ್ಟಿದ್ದ ಸೀಸದ ತೂಕ ನಳಿಗೆಯೊಳಗೆ ಜಾರುವಾಗ ಒತ್ತಿದ ಗಾಳಿ ಸದ್ದು ಮಾಡಿದ್ದೇ ಅವನ ಗಮನ ಗಾಳಿಯ ಕಡೆ ತಿರುಗಲು ಕಾರಣ ಎನ್ನುತ್ತಾರೆ.

ಆಗಿನ ದೊಡ್ಡ ಬಿಲ್ಲುಗಳಿಗೆ ಬಲ ಕೊಡುತ್ತಿದ್ದುದು ಪ್ರಾಣಿಗಳ ಸ್ನಾಯುನಾರಿನ ಹುರಿ. ತೇವ ತಗುಲಿದರೆ ಸಡಿಲ, ದಿನ ಕಳೆದಂತೆ ಜೋಲು. ಕ್ಟೆಸಿಬಿಯಸ್ ಅದರ ಜಾಗದಲ್ಲಿ ಎರಡು ಕಂಚಿನ ಸಿಲಿಂಡರ್ ಇಟ್ಟ. ಹೆದೆ ಎಳೆದಾಗ ಬಿಲ್ಲಿನ ತೋಳಿನ ಬುಡ ಪಿಸ್ಟನ್ನನ್ನು ಒಳಕ್ಕೆ ತಳ್ಳುತ್ತದೆ. 10 ಸೆಂ.ಮೀ. ವ್ಯಾಸದ ಸಿಲಿಂಡರಿನಲ್ಲಿ ಗಾಳಿಯನ್ನು ಐದನೇ ಒಂದು ಪಾಲಿಗೆ ಒತ್ತಿದರೆ, ಅದು ತಣಿದ ಮೇಲೂ ಪಿಸ್ಟನ್ ಮೇಲೆ ಸುಮಾರು 320 ಕೆ.ಜಿ. ಭಾರದಷ್ಟು ಬಲ ಉಳಿಯುತ್ತದೆ. ಬಲಕ್ಕೆ ಕೊರತೆಯಿಲ್ಲ.

ತೊಂದರೆ ಇರುವುದು ಸೋರಿಕೆಯಲ್ಲಿ. ಪಿಸ್ಟನ್ ಸುತ್ತ ಬರೀ 0.1 ಮಿ.ಮೀ. ಸಂದು ಇದೆ ಎನ್ನಿ. ಕೂದಲೆಳೆಯಷ್ಟೇ. ಆದರೆ ಪೂರ್ತಿ ಸುತ್ತಳತೆಗೆ ಲೆಕ್ಕ ಹಾಕಿದರೆ ಅದು 6 ಮಿ.ಮೀ.ಗೂ ದೊಡ್ಡ ತೂತಿಗೆ ಸಮ. ಒತ್ತಿದ ಗಾಳಿ ಒಂದು ಸೆಕೆಂಡೂ ನಿಲ್ಲುವುದಿಲ್ಲ. ಸಿಲಿಂಡರನ್ನು ಬಡಿದು, ಒಳಮೈ ನುಣುಪು ಮಾಡಿ, ಸಂದಿಗೆ ಬಡಗಿಯ ಅಂಟು ಹಚ್ಚುತ್ತಿದ್ದರೆಂದು ಯಂತ್ರಗಳ ಬಗ್ಗೆ ಬರೆದ ಪ್ರಾಚೀನ ಗ್ರೀಕ್ ಲೇಖಕ, ಬೈಜಾಂಟಿಯಮ್‌ನ ಫಿಲೋ ಹೇಳಿದ್ದಾನೆ. ಇಂದು ಯಾರಾದರೂ ಮಾದರಿ ಮಾಡುವುದಾದರೆ ಸೈಕಲ್ ಪಂಪಿನ ಚರ್ಮದ ವಾಷರ್ರೇ ಲೇಸು. ಬಟ್ಟಲಿನಂತಿರುವ ಅದರ ಅಂಚಿಗೆ ಎಣ್ಣೆ ಸವರಿ, ಬಾಯಿ ಗಾಳಿಯ ಕಡೆಗಿರುವಂತೆ ಕೂರಿಸಬೇಕು. ಒತ್ತಡ ಏರಿದಷ್ಟೂ ಅಂಚು ಗೋಡೆಗೆ ಬಿಗಿಯುತ್ತದೆ. ತಿರುಗಾಮುರುಗಾ ಹಾಕಿದರೆ ಒಂದಿಷ್ಟೂ ಹಿಡಿಯದು.

ಇನ್ನೊಂದು ನಷ್ಟ ಶಾಖದ್ದು. ಅಷ್ಟೇ ಗಾಳಿಯನ್ನು ಥಟ್ಟನೆ ಒತ್ತಿದರೆ ಅದು 300 ಡಿಗ್ರಿ ಸೆಲ್ಸಿಯಸ್ ಹತ್ತಿರ ಕಾದು, ಒತ್ತಡ ಹೊರಗಿನ ಗಾಳಿಯ ಒತ್ತಡದ 9 ಪಟ್ಟನ್ನು ದಾಟುತ್ತದೆ. ಹೆದೆ ಏರಿಸಿ ಕಾಯುತ್ತಾ ಕುಳಿತರೆ ಕಂಚು ಆ ಶಾಖವನ್ನು ಹೀರಿಕೊಂಡು ಬಲ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಹಾಗಾಗಿ ಗಾಳಿಬಿಲ್ಲು ಏರಿಸಿದೊಡನೆ ಬಿಡುವ ಯಂತ್ರಕ್ಕೇ ಸರಿ.

ಅಂಥ ಯಂತ್ರವೂ ಆಗಲೇ ಇತ್ತು. ಅಲೆಕ್ಸಾಂಡ್ರಿಯದ ಡಯೊನೀಸಿಯಸ್ ರೋಡ್ಸ್ ದ್ವೀಪದಲ್ಲಿ ಮಾಡಿದ ಪಾಲಿಬೊಲಸ್, ಒಂದರ ಹಿಂದೆ ಒಂದು ಬಾಣ ಬಿಡುವ ಬಿಲ್ಲು. ಐದು ಮುಖದ ಗಾಲಿಗಳ ಮೇಲೆ ಚಪ್ಪಟೆ ಕೊಂಡಿಗಳ ಸರಪಳಿ. ಹಿಡಿಕೆಯನ್ನು ಮುಂದಕ್ಕೆ ತಿರುಗಿಸಿದರೆ ಕೊಕ್ಕೆ ಹೆದೆಯನ್ನು ಕಚ್ಚುತ್ತದೆ, ಹಿಂದಕ್ಕೆ ತಿರುಗಿಸಿದರೆ ಹೆದೆ ಏರುತ್ತದೆ. ಸರಪಳಿ ಎಳೆಯುವ ಜಾರುಪಟ್ಟಿಯ ಗೂಟ ಉರುಳೆಯ ಮೇಲಿನ ಓರೆಗೀರಿನಲ್ಲಿ ಓಡುತ್ತಾ ಅದನ್ನು ತಿರುಗಿಸಿ, ಮೇಲಿನ ಪೆಟ್ಟಿಗೆಯಿಂದ ಒಂದೇ ಒಂದು ಬಾಣ ಬೀಳಿಸುತ್ತದೆ. ಜಾರುಪಟ್ಟಿ ಹಿಂದಿನ ಕೊನೆ ಮುಟ್ಟುತ್ತಲೇ ಕುದುರೆ (ಟ್ರಿಗರ್) ತಾನೇ ಹೆದೆಯನ್ನು ಬಿಡುತ್ತದೆ. ಆದರೆ ಇದಕ್ಕೆ ಬಲ ಮತ್ತೆ ಸ್ನಾಯುನಾರಿನದೇ. ಬಾಣಗಳೆಲ್ಲ ಒಂದೇ ಕಡೆ ಬಿದ್ದು ವ್ಯರ್ಥವಾಗುತ್ತವೆ ಎಂಬುದು ಫಿಲೋನ ಆಕ್ಷೇಪ.

ಇವೆರಡನ್ನೂ ಬೆಸೆಯುವುದಾದರೆ ಸಿಲಿಂಡರಿನ ತಳಕ್ಕೆ ಒಳಮುಖವಾಗಿ ತೆರೆಯುವ ಚರ್ಮದ ಕವಾಟ ಬೇಕು. ಬಾಣ ಹೊರಟ ಮೇಲೆ ಪಿಸ್ಟನ್ ಪೂರ್ತಿ ಹಿಂದೆ ಸರಿದಾಗ, ಸೋರಿಹೋದಷ್ಟೇ ಹೊಸ ಗಾಳಿ ಒಳಗೆ ಬರುತ್ತದೆ. ಕವಾಟದ ಕೆಲಸ ಕ್ಟೆಸಿಬಿಯಸ್‌ಗೆ ಹೊಸದೇನಲ್ಲ, ನೀರೆತ್ತುವ ತನ್ನ ಪಂಪಿನಲ್ಲಿ ಅವನು ಅದನ್ನು ಬಳಸಿದ್ದ.