ಟೂ-ಸ್ಪೀಡ್ ಆ್ಯಕ್ಸಲ್: ಗುಂಡಿ ಮೊದಲು, ಕಾಲು ಆಮೇಲೆ

ಕೊಡಗಿನಲ್ಲಿ ಜೀಪು ಓಡಿಸಿದವರಿಗೆ 'ಹೈ' (ವೇಗಕ್ಕೆ), 'ಲೋ' (ಎಳೆತಕ್ಕೆ) ಹೊಸ ಮಾತಲ್ಲ. ಮಾಂದಲ್‌ಪಟ್ಟಿಯ ಏರು ಶುರುವಾಗುವ ಮುನ್ನ ಗಾಡಿ ನಿಲ್ಲಿಸಿ ಸಣ್ಣ ಲಿವರ್ ಎಳೆದರೆ ಆಯಿತು. ಅದೇ ಲೆಕ್ಕದಲ್ಲಿ ಟೂ-ಸ್ಪೀಡ್ ಆ್ಯಕ್ಸಲ್, ಅಂದರೆ ಹಿಂದಿನ ಆ್ಯಕ್ಸಲ್ಲಿನಲ್ಲೇ ಹೈ, ಲೋ ಎರಡೂ ಇರುವ ಲಾರಿ ಹತ್ತಿದರೆ ಎಡವಟ್ಟು. ಜೀಪಿನ ಲೋ ಇರುವುದು ಗೇರ್‌ಬಾಕ್ಸಿನ ಬೆನ್ನಿಗಂಟಿ, ಬಲವನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸಿನಲ್ಲಿ. ಲಾರಿಯದು ಹಿಂದಿನ ಆ್ಯಕ್ಸಲ್ ಹೌಸಿಂಗ್ ಒಳಗೆ, ಕ್ರೌನಿಗೂ (ಆ್ಯಕ್ಸಲ್ಲಿನ ದೊಡ್ಡ ಹಲ್ಲುಚಕ್ರ) ಡಿಫರೆನ್ಷಿಯಲ್ಲಿಗೂ (ಎರಡು ಚಕ್ರಗಳಿಗೆ ಬಲ ಹಂಚುವ ಗೇರುಗಳು) ನಡುವೆ ಕೂತ ಪ್ಲಾನೆಟರಿ ಗೇರು, ಅಂದರೆ ನಡುವಿನ ಒಂದು ಗೇರಿನ ಸುತ್ತ ಪುಟ್ಟ ಗೇರುಗಳು ಉರುಳುವ ಜೋಡಣೆ, ಓಡುತ್ತಿರುವಾಗಲೇ ಬದಲಿಸುವಂಥದ್ದು.

ಹೈನಲ್ಲಿ ಆ ಪುಟ್ಟ ಗೇರುಗಳೆಲ್ಲ ಬಿಗಿದುಕೊಂಡು ಕ್ರೌನಿನ ಜೊತೆ ಒಂದೇ ಗಂಟಾಗಿ ತಿರುಗುತ್ತವೆ. ಲೋನಲ್ಲಿ ನಡುವಿನ ಸನ್ ಗೇರು ಹೌಸಿಂಗಿಗೆ ಕಚ್ಚಿ ನಿಲ್ಲುತ್ತದೆ. ಉಳಿದವು ಅದರ ಸುತ್ತ ಉರುಳುತ್ತ ವೇಗ ತಗ್ಗಿಸಿ ಎಳೆತ ಹೆಚ್ಚಿಸುತ್ತವೆ. ಈಟನ್ ಕಂಪನಿಯ ಹಳೆಯ ಆ್ಯಕ್ಸಲ್ಲುಗಳಲ್ಲಿ ಕಾಣುವ ಒಂದು ಜೋಡಿ ಅನುಪಾತ (ಚಕ್ರದ ಒಂದು ಸುತ್ತಿಗೆ ಪ್ರೊಪೆಲ್ಲರ್ ಶಾಫ್ಟ್ ತಿರುಗುವ ಸುತ್ತು) ಹೈನಲ್ಲಿ 6.50, ಲೋನಲ್ಲಿ 8.87. ಅಂತರ ಸುಮಾರು ಶೇ. 36. ಜೀಪಿನ ಲೋನಂತೆ ದೊಡ್ಡ ಜಿಗಿತವಲ್ಲ, ಅರ್ಧ ಗೇರು ಅನ್ನಿ. ನಾಲ್ಕು ಗೇರಿನ ಲಾರಿಗೆ ಎಂಟು ಮೆಟ್ಟಿಲು ಸಿಗುತ್ತವೆ.

ಹೈ, ಲೋ ಬದಲಿಸುವ ಗುಂಡಿ (ಬಟನ್) ಗೇರ್ ಲಿವರಿನಲ್ಲೇ ಇರುತ್ತದೆ: ಎತ್ತಿದರೆ ಹೈ, ಒತ್ತಿದರೆ ಲೋ. ಆದರೆ ಗುಂಡಿ ಸರಿಸಿದ್ದು ಹೇಳಿಟ್ಟ ಮಾತಷ್ಟೆ. ಎಂಜಿನ್ ಎಳೆಯುತ್ತಿರುವ ತನಕ ಹಲ್ಲುಗಳು ಭಾರಕ್ಕೆ ಬಿಗಿದಿರುತ್ತವೆ, ಜಾರುವುದಿಲ್ಲ. ಭಾರ ಬಿಟ್ಟ ಗಳಿಗೆಯಲ್ಲೇ ಒಳಗೆ ಬದಲಾವಣೆ.

ಹೈಗೆ ಹೋಗಲು ಆಕ್ಸಿಲರೇಟರ್ ತುಳಿದಿರುವಾಗಲೇ ಗುಂಡಿ ಎತ್ತಿ, ಆಮೇಲೆ ಕಾಲು ತೆಗೆಯಿರಿ. ಎಂಜಿನ್ ವೇಗ ಇಳಿಯಬೇಕಲ್ಲ, ತುಸು ತಡೆಯಿರಿ. 'ಟಕ್' ಅಂದ ಮೇಲೆ ಮತ್ತೆ ತುಳಿಯಿರಿ. ಲೋಗೆ ಇದು ತಿರುಗುಮುರುಗು. ಎಂಜಿನ್ ವೇಗ ಏರಬೇಕಾದ್ದರಿಂದ ಆಕ್ಸಿಲರೇಟರ್ ಬಿಡದೆ ಗುಂಡಿ ಒತ್ತಿ, ಕ್ಲಚ್ಚನ್ನು ಥಟ್ಟನೆ ತುಳಿದು ಬಿಡಿ. ಡಬಲ್ ಕ್ಲಚ್ (ಒಂದು ಗೇರ್ ಬದಲಿಗೆ ಎರಡು ಸಲ ಕ್ಲಚ್ ತುಳಿಯುವುದು) ಪಳಗಿದ ಹಳೇ ಡ್ರೈವರುಗಳ ಕಾಲಿಗೆ ಇದು ಬೇಗ ಒಲಿಯುತ್ತದೆ. ಮೂರನೇ ಗೇರಿನ ಹೈನಿಂದ ನಾಲ್ಕನೆಯ ಲೋಗೆ ಹೋಗುವಾಗ ಮಾತ್ರ ಗುಂಡಿ, ಲಿವರ್ ಎರಡೂ ಒಟ್ಟಿಗೇ.

ಸಂಪಾಜೆಯಿಂದ ಮಡಿಕೇರಿಗೆ ಏರುವಾಗ ಲಾರಿ ಏದುಸಿರು ಬಿಡುವ ತನಕ ಕಾಯದೆ, ಓಟ ಇರುವಾಗಲೇ ಲೋಗೆ ಬರಬೇಕು. ತಡವಾಗಿ ತಪ್ಪಿದರೆ ಮತ್ತೆ ಮೊದಲ ಗೇರಿನಿಂದ ಶುರು, ಹಿಂದಿನವರ ಹಾರ್ನು ಬೇರೆ. ಅದೇ ಘಾಟಿ ಇಳಿಯುವಾಗ ಗುಂಡಿ ಮುಟ್ಟುವುದೇ ಬೇಡ. ಎರಡರ ನಡುವೆ ಸಿಕ್ಕಿಕೊಂಡರೆ ಎಂಜಿನ್‌ಗೂ ಚಕ್ರಕ್ಕೂ ನಂಟು ಕಡಿದು, ಎಂಜಿನ್ನಿನ ಹಿಡಿತವೆಲ್ಲ ಹೋಗಿ, ಮರದ ದಿಮ್ಮಿ ಹೇರಿದ ಲಾರಿ ಬರೀ ಬ್ರೇಕಿನ ಮೇಲೆ ನಿಲ್ಲಬೇಕಾಗುತ್ತದೆ. ಲೋ ಬೇಕಿದ್ದರೆ ಇಳಿಜಾರು ಶುರುವಾಗುವ ಮುಂಚೆ, ಸಮತಟ್ಟಿನಲ್ಲೇ ಹಾಕಿಕೊಳ್ಳಿ.