ಗೋಡೆಗಿಂತ ಗಾಜೇ ಹೆಚ್ಚಿರುವ ಮನೆಯನ್ನು ಸೀಳಿ ನೋಡಿದರೆ

ಮನೆ ಕಟ್ಟಿಸಲು ಬರುವವರ ಮುಂದೆ ನಾವು ಮೂರು ಬಗೆಯ ನಕ್ಷೆ ಹರಡುತ್ತೇವೆ: ಪ್ಲಾನ್, ಎಲಿವೇಷನ್, ಸೆಕ್ಷನ್. ಪ್ಲಾನಿನಲ್ಲಿ ಅವರು ವಾಸ್ತು ಹುಡುಕುತ್ತಾರೆ. ಎಲಿವೇಷನ್ನಿನ ಫೋಟೊ ತೆಗೆದು ನೆಂಟರಿಗೆ ಕಳಿಸುತ್ತಾರೆ. ಸೆಕ್ಷನ್ ಹಾಳೆ ಮಾತ್ರ ಮಡಿಸಿದಂತೆಯೇ ಉಳಿಯುತ್ತದೆ. ಕಟ್ಟಡವನ್ನು ಹಲಸಿನ ಹಣ್ಣಿನಂತೆ ಮೇಲಿನಿಂದ ಕೆಳಕ್ಕೆ ಸೀಳಿದರೆ ಒಳಗೇನು ಕಾಣುತ್ತದೋ ಅದೇ ಸೆಕ್ಷನ್. ನನ್ನ ಕಚೇರಿಗೆ ಹೊಸದಾಗಿ ಸೇರುವವರಿಗೆ ಅದನ್ನು ಓದಲು ಕಲಿಸುವಾಗ ನಾನು ಇಂಗ್ಲೆಂಡಿನ ಡರ್ಬಿಶೈರ್‌ನಲ್ಲಿರುವ ಹಾರ್ಡ್‌ವಿಕ್ ಹಾಲ್‌ನ ನಕ್ಷೆ ತೆಗೆಯುತ್ತೇನೆ.

ಕಟ್ಟಿಸಿದವಳು ಬೆಸ್ ಆಫ್ ಹಾರ್ಡ್‌ವಿಕ್. ಸಾಧಾರಣ ಜಮೀನ್ದಾರನ ಮಗಳು. ನಾಲ್ಕು ಮದುವೆಗಳ ಮೂಲಕ ಮೇಲೇರಿ ಷ್ರೂಸ್‌ಬರಿಯ ಕೌಂಟೆಸ್ ಆದಳು. 1590ರಲ್ಲಿ ಪಾಯ ತೋಡಿಸುವಾಗ ಆಕೆಗೆ ಅರವತ್ತು ದಾಟಿತ್ತು. 1597ರಲ್ಲಿ ಒಕ್ಕಲು ಬಂದಳು. ಪಕ್ಕದಲ್ಲೇ ಆಕೆಯದೇ ಇನ್ನೊಂದು ದೊಡ್ಡ ಮನೆಯ ಕೆಲಸ ಇನ್ನೂ ನಡೆಯುತ್ತಿತ್ತು ಎಂದರೆ ಕಟ್ಟಿಸುವ ಚಟ ಎಂಥದ್ದಿರಬೇಕು ನೋಡಿ! ವಿನ್ಯಾಸ ರಾಬರ್ಟ್ ಸ್ಮಿತ್‌ಸನ್‌ನದು ಎಂದು ವಿದ್ವಾಂಸರು ಒಪ್ಪುತ್ತಾರೆ. ಕಲ್ಲುಕುಟಿಗನಾಗಿ ಕೆಲಸ ಕಲಿತು, ಲಾಂಗ್‌ಲೀಟ್ ಮತ್ತು ವೊಲಾಟನ್ ಎಂಬ ಮಹಾಮನೆಗಳಲ್ಲಿ ಪಳಗಿದವನು ಅವನು.

ಗುಡ್ಡದ ನೆತ್ತಿಯ ಈ ಮನೆಯನ್ನು ದೂರದಿಂದ ಕಂಡವರಿಗೆ ಮೊದಲು ಕಣ್ಣಿಗೆ ಬೀಳುವುದು ಗಾಜು. ‘ಹಾರ್ಡ್‌ವಿಕ್ ಹಾಲ್, ಗೋಡೆಗಿಂತ ಗಾಜೇ ಹೆಚ್ಚು’ ಎಂಬ ಅರ್ಥದ ಪ್ರಾಸದ ಮಾತೇ ಆ ಸೀಮೆಯಲ್ಲಿ ಹುಟ್ಟಿಕೊಂಡಿತು. ಆಗ ಗಾಜು ಐಷಾರಾಮದ ವಸ್ತು. ಊದಿ ತಯಾರಿಸಿದ ಸಣ್ಣ ಸಣ್ಣ ತುಂಡುಗಳನ್ನು ಸೀಸದ ಪಟ್ಟಿಯಿಂದ ಹೆಣೆದು, ಕಲ್ಲಿನ ಚೌಕಟ್ಟುಗಳ ನಡುವೆ ಕೂರಿಸಬೇಕಿತ್ತು. ಸಿಮೆಂಟ್ ಕಾಂಕ್ರೀಟಾಗಲೀ ಉಕ್ಕಿನ ತೊಲೆಯಾಗಲೀ ಇಲ್ಲದ ಕಾಲ. ಹಾಗಾದರೆ ಹೊರಗೋಡೆಯ ತುಂಬ ಕಿಟಕಿ ಕೊರೆದ ಮೇಲೂ ಮೂರು ಅಂತಸ್ತು ನಿಂತದ್ದು ಹೇಗೆ?

ಉತ್ತರ ಸೆಕ್ಷನ್ನಿನಲ್ಲಿದೆ. ಮನೆಯ ಉದ್ದಕ್ಕೂ ನಡುವೆ ದಪ್ಪನೆಯ ಕಲ್ಲುಗೋಡೆಯೊಂದು ಹಾಯುತ್ತದೆ. ನಾವು ಬೆನ್ನೆಲುಬಿನ ಗೋಡೆ ಎನ್ನುತ್ತೇವಲ್ಲ, ಅದು. ಅಗ್ಗಿಷ್ಟಿಕೆಗಳನ್ನು ಹೊರಗೋಡೆಯಲ್ಲಿ ಕಟ್ಟಿದರೆ ಅವುಗಳ ಹೊಗೆಗೊಳವೆಗಳೇ ಕಿಟಕಿಯ ಜಾಗವನ್ನು ನುಂಗಿಬಿಡುತ್ತವೆ. ಸ್ಮಿತ್‌ಸನ್ ಬಹುಪಾಲು ಅಗ್ಗಿಷ್ಟಿಕೆಗಳನ್ನು ಒಳಗೋಡೆಗಳಿಗೆ ಸರಿಸಿದ. ಒಳಗೋಡೆ ಭಾರವನ್ನೂ ಹೊತ್ತಿತು, ಹೊಗೆಯನ್ನೂ ಮೇಲಕ್ಕೆ ಕಳಿಸಿತು. ಹೊರಗೋಡೆ ಹಗುರಾಗಿ ಬೆಳಕಿಗೆ ಬಿಟ್ಟುಕೊಟ್ಟಿತು.

ಆದರೂ ಎಲ್ಲ ಕಡೆ ಲೆಕ್ಕ ಕೂಡಲಿಲ್ಲ. ಕೆಲವು ಕಿಟಕಿಗಳ ಹಿಂದೆ ಕೋಣೆಯೇ ಇಲ್ಲ, ಇರುವುದು ಚಿಮಣಿ. ಹೊರಗಿನ ಸಮಮಿತಿ ಕೆಡಬಾರದೆಂದು ಗಾರೆಯ ಮೇಲೆ ಗಾಜು ಹೊದಿಸಿದ್ದಾರೆ. ಇದನ್ನು ಮೋಸ ಎನ್ನುವ ಸಹೋದ್ಯೋಗಿಗಳು ನನಗಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಹೊರಗೆ ತೋರುವ ಶಿಸ್ತಿಗೂ ಒಳಗಿನ ಬದುಕಿಗೂ ಜಗಳ ಇದ್ದೇ ಇರುತ್ತದೆ. ಇಲ್ಲಿ ರಾಜಿ ಎಲ್ಲಿ ನಡೆಯಿತು ಎಂಬುದನ್ನು ಬೆರಳಿಟ್ಟು ತೋರಿಸಬಹುದು.

ಇನ್ನೊಂದು ಜಾಣತನ ಪ್ಲಾನಿನದು. ಹಳೆಯ ಇಂಗ್ಲಿಷ್ ಮನೆಗಳಲ್ಲಿ ದೊಡ್ಡ ಹಜಾರ ಮುಂಭಾಗಕ್ಕೆ ಸಮಾನಾಂತರವಾಗಿ ಮಲಗಿರುತ್ತಿತ್ತು. ಪ್ರವೇಶ ಅದರ ಒಂದು ತುದಿಯಲ್ಲಿ. ಹೀಗಾಗಿ ಮುಂಬಾಗಿಲು ಎಂದೂ ನಟ್ಟನಡುವೆ ಬರುತ್ತಿರಲಿಲ್ಲ. ಹಾರ್ಡ್‌ವಿಕ್‌ನಲ್ಲಿ ಹಜಾರವನ್ನೇ ತಿರುಗಿಸಿ, ಮುಂಬಾಗಿಲಿನಿಂದ ಹಿಂಬದಿಯವರೆಗೆ ನೇರ ಚಾಚಿದರು. ಬಾಗಿಲು ನಡುವಿಗೆ ಬಂತು, ಎಡಬಲ ತೂಗಿತು. ಕೇಳಲು ಸಣ್ಣ ಬದಲಾವಣೆ. ಆದರೆ ಊಟದ ಹಜಾರವಾಗಿದ್ದದ್ದು ಮನೆಯೊಳಕ್ಕೆ ಕಾಲಿಡುವ ಪಡಸಾಲೆಯಾಗತೊಡಗಿದ್ದು ಇಂಥಲ್ಲೇ.

ಮತ್ತೆ ಸೆಕ್ಷನ್ನಿಗೆ ಬನ್ನಿ. ನೆಲ ಅಂತಸ್ತು ಆಳುಗಳದು, ಅಡುಗೆಯದು, ಸೂರು ತಗ್ಗು. ಅದರ ಮೇಲೆ ಬೆಸ್‌ಳ ನಿತ್ಯವಾಸ. ಸೂರು ತುಸು ಎತ್ತರ. ಎಲ್ಲಕ್ಕಿಂತ ಮೇಲೆ ದರ್ಬಾರಿನ ಕೋಣೆಗಳು; ಸೂರೂ ಎತ್ತರ, ಕಿಟಕಿಗಳೂ ಎತ್ತರ. ಅತಿಥಿಯ ಅಂತಸ್ತು ಹೆಚ್ಚಿದಷ್ಟೂ ಹತ್ತಬೇಕಾದ ಮೆಟ್ಟಿಲೂ ಹೆಚ್ಚು! ಕಲ್ಲಿನ ಮೆಟ್ಟಿಲಸಾಲು ಮನೆಯೊಳಗೆ ಸುತ್ತಿ ಬಳಸಿ, ಬೆಳಕಿನಿಂದ ನೆರಳಿಗೆ, ನೆರಳಿನಿಂದ ಬೆಳಕಿಗೆ ಒಯ್ದು ಕೊನೆಗೆ ಹೈ ಗ್ರೇಟ್ ಚೇಂಬರ್‌ನ ಬಾಗಿಲಲ್ಲಿ ಬಿಡುತ್ತದೆ.

ಆ ಕೋಣೆಯ ಗೋಡೆಗಳ ಮೇಲೆ ತೂಗುವ ಬ್ರಸೆಲ್ಸ್‌ನ ಚಿತ್ರಪರದೆಗಳನ್ನು ಬೆಸ್ 1587ರಲ್ಲಿ, ಅಂದರೆ ಮನೆಗೆ ಪಾಯ ಹಾಕುವ ಮೊದಲೇ, ಕೊಂಡಿದ್ದಳು. ಪರದೆಗೆ ಕೋಣೆ ಹೊಂದಿಸಿದ್ದೇ ಹೊರತು ಕೋಣೆಗೆ ಪರದೆಯಲ್ಲ. ಪರದೆಯ ಎತ್ತರ ಮುಗಿದಲ್ಲಿಂದ ಗಾರೆಯ ಬಣ್ಣದ ಉಬ್ಬುಚಿತ್ರಗಳ ಅಗಲ ಪಟ್ಟಿ ಶುರುವಾಗುತ್ತದೆ: ಕಾಡು, ಬೇಟೆ, ನಡುವೆ ಡಯಾನಾ ದೇವಿಯ ಒಡ್ಡೋಲಗ. ಕನ್ಯಾದೇವಿ ಡಯಾನಾ ಎಂದರೆ ಕನ್ಯಾರಾಣಿ ಒಂದನೇ ಎಲಿಜಬೆತ್‌ಗೆ ಸಲಾಮು. ರಾಣಿ ಮಾತ್ರ ಈ ಮನೆಗೆ ಬರಲೇ ಇಲ್ಲ.

ಪೂರ್ವದ ಬದಿಗೆ ಸುಮಾರು 50 ಮೀಟರ್ ಉದ್ದದ ಲಾಂಗ್ ಗ್ಯಾಲರಿ. ಹೊರಗೆ ಮಳೆ ಹೊಯ್ಯುವಾಗ ಅಡ್ಡಾಡಲು, ಗೋಡೆಯ ಭಾವಚಿತ್ರಗಳನ್ನು ಬಂದವರಿಗೆ ತೋರಿಸಲು. ಅಲ್ಲಿನ ಪರದೆಗಳು ಕ್ರಿಸ್ಟಫರ್ ಹ್ಯಾಟನ್ ಎಂಬ ದೊಡ್ಡ ಆಸ್ಥಾನಿಕನ ಮನೆಯವು, ಅವನು ಸತ್ತ ಮೇಲೆ ಮಾರಾಟಕ್ಕೆ ಬಂದವು. ಅವನ ಲಾಂಛನವನ್ನು ಮುಚ್ಚಿ ತನ್ನದನ್ನು ಹಾಕಿಸುವ ಖರ್ಚು ಬೀಳುತ್ತದೆಂದು ಬೆಸ್ 5 ಪೌಂಡ್ ಬೆಲೆ ಇಳಿಸಿಕೊಂಡಳು. ಹೀಗೆ ಚೌಕಾಸಿ ಮಾಡಿದವಳೇ ಆರು ಗೋಪುರಗಳ ತಲೆಯ ಮೇಲೂ ಕಲ್ಲಿನಲ್ಲಿ ಇ, ಎಸ್ (ಎಲಿಜಬೆತ್ ಷ್ರೂಸ್‌ಬರಿ; ಬೆಸ್ ಎಂಬುದು ಎಲಿಜಬೆತ್‌ನ ಮೊಟಕು ರೂಪ) ಎಂಬ ತನ್ನ ಹೆಸರಿನ ಅಕ್ಷರಗಳನ್ನು ಆಳೆತ್ತರಕ್ಕೆ ನಿಲ್ಲಿಸಿದಳು.

ಇಷ್ಟು ಗಾಜಿನ ಮನೆಯಲ್ಲಿ ಚಳಿ ಹೇಗಿದ್ದೀತು ಎಂದು ಕೇಳಿದರೆ, ಭಯಂಕರ. ಉಣ್ಣೆಯ ಪರದೆ, ನೆಲದ ಜೊಂಡಿನ ಚಾಪೆ ಬರಿಯ ಅಲಂಕಾರವಾಗಿರಲಿಲ್ಲ. ಪಶ್ಚಿಮಕ್ಕೆ ಇಡೀ ಗಾಜಿನ ಗೋಡೆ ಬೇಕೆಂದು ಹಟ ಹಿಡಿಯುವ ನನ್ನ ಬೆಂಗಳೂರಿನ ಗ್ರಾಹಕರಿಗೆ ಇದನ್ನು ತಿರುಗುಮುರುಗಾಗಿ ಹೇಳುತ್ತೇನೆ: ಅಲ್ಲಿ ಚಳಿ, ಇಲ್ಲಿ ಸಂಜೆಯ ಸೆಕೆ. ಒಪ್ಪುವವರು ಕಡಿಮೆ.

1608ರಲ್ಲಿ ಬೆಸ್ ತೀರಿಕೊಂಡಳು. ಮುಂದೆ ಆಕೆಯ ಎರಡನೇ ಗಂಡನಿಂದಾದ ಕ್ಯಾವೆಂಡಿಷ್ ವಂಶದವರು ಅದೇ ಸೀಮೆಯ ಚಾಟ್ಸ್‌ವರ್ತ್ ಅನ್ನೇ ಮುಖ್ಯ ಮನೆ ಮಾಡಿಕೊಂಡು, ಕಾಲಕಾಲಕ್ಕೆ ಅದನ್ನು ಒಡೆದು ಕಟ್ಟಿಸಿದರು. ಹಾರ್ಡ್‌ವಿಕ್‌ಗೆ ಹೊಸ ಫ್ಯಾಷನ್ ತೊಡಿಸುವ ಗೋಜಿಗೆ ಹೆಚ್ಚಾಗಿ ಯಾರೂ ಹೋಗಲಿಲ್ಲ. 1959ರಲ್ಲಿ ಹಳೆಯ ಕಟ್ಟಡಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಯ ಕೈ ಸೇರುವಾಗಲೂ ಬೆನ್ನೆಲುಬಿನ ಗೋಡೆ, ಮೆಟ್ಟಿಲಸಾಲು, ಚಿಮಣಿಯ ಮುಂದಿನ ಆ ಸುಳ್ಳು ಕಿಟಕಿಗಳು ಇದ್ದಲ್ಲೇ ಇದ್ದವು.