ಮಳೆಗಾಲದ ಬೆಕ್ಕಿಗೆ ಒಂದು ಹುಲ್ಲಿನ ಡಬ್ಬಿ

ಜೂನ್ ಶುರುವಾದರೆ ನನ್ನ ಕ್ಲಿನಿಕ್ಕಿಗೆ ಬರುವ ಫೋನುಗಳ ಧಾಟಿಯೇ ಬದಲಾಗುತ್ತದೆ. "ಡಾಕ್ಟ್ರೇ, ಕಾರಿನ ಬಾನೆಟ್ ಒಳಗೆ ಮರಿ ಕೂಗ್ತಿದೆ, ಈಚೆ ಬರ್ತಾನೇ ಇಲ್ಲ." "ಡಾಕ್ಟ್ರೇ, ನಮ್ಮ ಮೀಟರ್ ಬೋರ್ಡ್ ಮೇಲೆ ಬೆಕ್ಕು ಮರಿ ಹಾಕಿದೆ, ಏನ್ ಮಾಡೋದು?" ಬೆಂಗಳೂರಿನ ಬೀದಿ ಬೆಕ್ಕು ಮಳೆಯಲ್ಲಿ ಹುಡುಕುವುದು ಒಣಗಿದ, ಗಾಳಿ ಹೊಡೆಯದ, ನಾಯಿ ನುಗ್ಗದ ಒಂದು ಮೂಲೆ. ಅದು ಸಿಗದಿದ್ದರೆ ಆಗತಾನೇ ನಿಲ್ಲಿಸಿದ ಕಾರಿನ ಬಿಸಿ ಎಂಜಿನ್ನೇ ಮನೆ. ಬೆಳಿಗ್ಗೆ ಆಫೀಸಿಗೆ ಹೊರಟವರು ಕೀ ತಿರುಗಿಸಿದಾಗ ಏನಾಗುತ್ತದೆ ಅಂತ ಬರೆಯುವುದಿಲ್ಲ. ಗಾಡಿ ಶುರು ಮಾಡುವ ಮುಂಚೆ ಬಾನೆಟ್ ಮೇಲೆ ಎರಡು ಸಲ ಜೋರಾಗಿ ತಟ್ಟಿ, ಒಂದು ಗಳಿಗೆ ಕಾಯಿರಿ.

ಹೋದ ಮಳೆಗಾಲದಲ್ಲಿ ನಮ್ಮ ಬಡಾವಣೆಯ ಒಬ್ಬ ಅಜ್ಜಿ ಕರೆಸಿದ್ದರು. "ಬಡಗಿ ಹತ್ರ ಎರಡು ಸಾವಿರ ಕೊಟ್ಟು ಮನೆ ಮಾಡಿಸಿದೀನಿ. ಒಳಗೆ ಹತ್ತಿ ದಿಂಬು, ಅದರ ಮೇಲೆ ನಮ್ಮೆಜಮಾನ್ರ ಹಳೇ ಶಾಲು. ಆದ್ರೂ ಅದು ಸ್ಕೂಟರ್ ಸೀಟ್ ಮೇಲೇ ಮಲಗತ್ತೆ ನೋಡಿ" ಅಂತ ದೂರು. ಮನೆ ನಿಜಕ್ಕೂ ಚೆನ್ನಾಗಿತ್ತು. ಇಳಿಜಾರು ಚಾವಣಿ, ಹಸಿರು ಪೇಂಟು, ಮುಂದೆ ಕಮಾನು ಬೇರೆ. ಆ ಕಮಾನಿನಲ್ಲಿ ಬೀದಿ ನಾಯಿಯೂ ಆರಾಮಾಗಿ ಒಳಗೆ ಹೋಗಬಹುದಿತ್ತು. ನಾನು ದಿಂಬು ಒತ್ತಿದೆ. ನೀರು ಜಿನುಗಿತು. "ಅಮ್ಮಾ, ನೀವಾಗಿದ್ರೆ ಇದರ ಮೇಲೆ ಮಲಗ್ತಿದ್ರಾ?" ಅಂದೆ. ಅಜ್ಜಿ ಶಾಲು ಹಿಂಡಿಕೊಂಡು ಒಳಗೆ ಹೋದರು. ಕಾಫಿ ಮಾತ್ರ ಬಂತು.

ಅವರನ್ನು ಹಂಗಿಸುವ ಯೋಗ್ಯತೆ ನನಗಿಲ್ಲ. ಪ್ರಾಕ್ಟೀಸ್ ಶುರು ಮಾಡಿದ ಹೊಸತರಲ್ಲಿ ನಾನೂ ಕ್ಲಿನಿಕ್ ಹಿಂದೆ ರಟ್ಟಿನ ಪೆಟ್ಟಿಗೆಗೆ ಹಳೇ ಬೆಡ್‌ಶೀಟ್ ತುರುಕಿ ಇಟ್ಟಿದ್ದೆ. ಒಂದು ತಾಯಿ, ಮೂರು ಮರಿ. ಎರಡು ದಿನ ಜಡಿಮಳೆ ಹಿಡಿಯಿತು. ಮೂರನೇ ಬೆಳಿಗ್ಗೆ ನೋಡಿದರೆ ತಾಯಿ ಎರಡು ಮರಿಗಳನ್ನು ಬೇರೆಲ್ಲೋ ಸಾಗಿಸಿತ್ತು. ಮೂರನೆಯದು ಒದ್ದೆ ಬೆಡ್‌ಶೀಟಿನ ಮಡಿಕೆಯಲ್ಲಿ ತಣ್ಣಗೆ ಮಲಗಿತ್ತು. ಓದಿ ಬಂದ ಡಾಕ್ಟರ್ ಮಾಡಿದ ಕೆಲಸ ಅದು.

ಬೆಕ್ಕಿನ ಮೈ ಬಿಸಿ 38ರಿಂದ 39 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇರುತ್ತದೆ, ನಮ್ಮದಕ್ಕಿಂತ ಒಂದೆರಡು ಡಿಗ್ರಿ ಜಾಸ್ತಿ. ಹುಟ್ಟಿದ ಮೊದಲ ಮೂರು ವಾರ ಮರಿಗೆ ತನ್ನ ಮೈಯನ್ನು ತಾನೇ ಬೆಚ್ಚಗಿಟ್ಟುಕೊಳ್ಳಲು ಬರುವುದಿಲ್ಲ. ಬಟ್ಟೆ, ದಿಂಬು, ಗೋಣಿ, ಪೇಪರ್ ಎಲ್ಲವೂ ನೀರು ಹೀರುತ್ತವೆ. ಮಳೆಗಾಲದಲ್ಲಿ ಒಮ್ಮೆ ಒದ್ದೆಯಾದರೆ ವಾರಗಟ್ಟಲೆ ಒಣಗುವುದಿಲ್ಲ. ಅದರ ಮೇಲೆ ಮಲಗಿದ ಬೆಕ್ಕಿನ ಮೈ ಬಿಸಿಯೆಲ್ಲ ಆ ಒದ್ದೆಗೇ ಹೋಗುತ್ತದೆ. ಬರೀ ಸಿಮೆಂಟು ನೆಲವೇ ವಾಸಿ ಅನ್ನಿಸುವಷ್ಟು ಕೆಟ್ಟದು.

ಅದಕ್ಕೇ ಭತ್ತದ ಹುಲ್ಲು. ಒಂದು ಎಸಳು ಮುರಿದು ನೋಡಿ, ಒಳಗೆ ಟೊಳ್ಳು. ಆ ಟೊಳ್ಳಿನಲ್ಲಿ, ಎಸಳುಗಳ ಸಂದಿಯಲ್ಲಿ ಗಾಳಿ ನಿಲ್ಲುತ್ತದೆ. ಬೆಕ್ಕಿನ ಬಿಸಿ ಅಲ್ಲೇ ಉಳಿಯುತ್ತದೆ. ಹೊರಮೈ ನುಣುಪಾಗಿರುವುದರಿಂದ ನೀರು ಬಟ್ಟೆಗೆ ಇಳಿದಂತೆ ಇಳಿಯುವುದಿಲ್ಲ. ಬೆಕ್ಕು ಹುಲ್ಲಿನ ಮೇಲೆ ಮಲಗುವುದಕ್ಕಿಂತ ಒಳಗೆ ಕೊರೆದುಕೊಂಡು ಹೋಗುತ್ತದೆ. ವಾರ ಬಿಟ್ಟು ನೋಡಿದರೆ ಹುಲ್ಲಿನ ನಡುವೆ ತೆಂಗಿನ ಚಿಪ್ಪಿನಂಥ ದುಂಡನೆ ಗುಳಿ, ಅದರ ಅಂಚಿಗೆಲ್ಲ ಕೂದಲು ಅಂಟಿರುತ್ತದೆ. ಡಬ್ಬಿ ಒಪ್ಪಿಗೆಯಾಯಿತು ಅನ್ನುವುದಕ್ಕೆ ಅದೇ ಗುರುತು. ರಾಗಿ ಹುಲ್ಲನ್ನೂ ಹಾಕಿ ನೋಡಿದ್ದೇನೆ, ನನ್ನ ಕೈಯಲ್ಲಿ ಅದು ಬೇಗ ಮುಗ್ಗಲು ಹಿಡಿಯಿತು. ದನಕ್ಕೇ ಇರಲಿ.

ಪೇಟೆಯಲ್ಲಿ ಹುಲ್ಲು ಎಲ್ಲಿಂದ ತರೋದು ಅಂತ ಎಲ್ಲರೂ ಕೇಳುತ್ತಾರೆ. ಮಾವಿನ ಹಣ್ಣಿನ ಅಂಗಡಿಯಿಂದ. ಹಣ್ಣು ಬರುವುದೇ ಹುಲ್ಲಿನ ನಡುವೆ, ಅಲ್ವಾ? ಮಳೆ ಹಿಡಿಯುವ ಹೊತ್ತಿಗೆ ಅದನ್ನೆಲ್ಲ ಅಂಗಡಿ ಪಕ್ಕ ಗುಡ್ಡೆ ಹಾಕಿರುತ್ತಾರೆ, ಕೇಳಿದರೆ ಸುಮ್ನೆ ಕೊಡುತ್ತಾರೆ. ಮನೆಗೆ ತಂದು ಒಂದು ದಿನ ಬಿಸಿಲಿಗೆ ಹರಡಿ. ಕೊಳೆತ ಹಣ್ಣಿನ ಅಂಟು ಇರುವ ಹುಲ್ಲು, ಹಣ್ಣು ಮಾಗಿಸಲು ಇಟ್ಟ ಪುಡಿಯ ಪೊಟ್ಟಣ ಏನಾದರೂ ಕಂಡರೆ ಅದನ್ನೆಲ್ಲ ಎಸೆಯಿರಿ.

ಇನ್ನು ಡಬ್ಬಿ. ನಮ್ಮಂಥ ಕ್ಲಿನಿಕ್ಕಿಗೆ ಲಸಿಕೆಗಳು ಐಸ್ ಪ್ಯಾಕ್ ಜೊತೆ ಥರ್ಮಾಕೋಲ್ ಡಬ್ಬಿಯಲ್ಲಿ ಬರುತ್ತವೆ. ಮೆಡಿಕಲ್ ಶಾಪಿನಲ್ಲೂ ಸಿಗುತ್ತವೆ. ಒಂದೂವರೆ ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರ ಇದ್ದರೆ ಒಂದು ದೊಡ್ಡ ಬೆಕ್ಕಿಗೆ ಸಾಕು, ಇಕ್ಕಟ್ಟಾದರೆ ಎರಡಕ್ಕೂ. "ಪಾಪ, ಇಷ್ಟು ಚಿಕ್ಕದಾ?" ಅನ್ನಬೇಡಿ. ಡಬ್ಬಿಯೊಳಗೆ ಒಲೆ ಇಲ್ಲ, ಹೀಟರ್ ಇಲ್ಲ, ಬೆಕ್ಕಿನ ಮೈಯೇ ಒಲೆ. ಜಾಗ ದೊಡ್ಡದಾದಷ್ಟೂ ಅದು ಬಿಸಿಯಾಗುವುದು ಕಷ್ಟ. ಐದಾರು ಬೆಕ್ಕಿದ್ದರೆ ಮೂರು ಡಬ್ಬಿ ಇಡಿ, ಒಂದು ಬಂಗಲೆ ಬೇಡ.

ಥರ್ಮಾಕೋಲನ್ನು ಹಾಗೇ ಬಿಟ್ಟರೆ ಬೆಕ್ಕು ಉಗುರು ಮಸೆದು ಅಂಗಳದ ತುಂಬ ಬಿಳಿ ಕಾಳು ಹರಡುತ್ತದೆ. ಹಾಗಾಗಿ ಅದು ಸರಿಯಾಗಿ ಕೂರುವ, ಮುಚ್ಚಳ ಇರುವ ಪ್ಲಾಸ್ಟಿಕ್ ಬಾಕ್ಸ್ ಹುಡುಕಿ ಅದರೊಳಗೆ ಇಳಿಸಿ. ಥರ್ಮಾಕೋಲಿನ ಒಳಮೈಗೆ ಅಗಲದ ಪ್ಯಾಕಿಂಗ್ ಟೇಪ್ ಪೂರ್ತಿ ಅಂಟಿಸಿ. ಎರಡೂ ಸೇರಿಸಿ ಒಂದೇ ಸಲ ಬಾಗಿಲು ಕೊರೆಯಬೇಕು. ಬಾಗಿಲು ಆರು ಇಂಚು. ಸ್ಕೇಲ್ ಇಲ್ಲದಿದ್ದರೆ ಅಷ್ಟೇ ಅಗಲದ ಸ್ಟೀಲ್ ತಟ್ಟೆ ಇಟ್ಟು ಪೆನ್ನಿನಲ್ಲಿ ಗೆರೆ ಎಳೆಯಿರಿ. ದೊಡ್ಡ ಗಂಡು ಬೆಕ್ಕೂ ಅದರಲ್ಲಿ ತೂರುತ್ತದೆ, ನಾಯಿಯ ಹೆಗಲು ತೂರುವುದಿಲ್ಲ. ರಂಧ್ರದ ಕೆಳ ಅಂಚು ಡಬ್ಬಿಯ ತಳದಿಂದ ಮೂರು ಇಂಚು ಮೇಲಿರಲಿ. ಆಗ ಹುಲ್ಲು ಚೆಲ್ಲುವುದಿಲ್ಲ, ನೆಲಕ್ಕೆ ಬಿದ್ದು ಚಿಮ್ಮುವ ಹನಿ ಒಳಗೆ ಬರುವುದಿಲ್ಲ. ಪ್ಲಾಸ್ಟಿಕ್ ಕತ್ತರಿಸಿದ ಅಂಚು ಬ್ಲೇಡಿನಂತಿರುತ್ತದೆ. ಗಿಡಕ್ಕೆ ನೀರು ಹಾಕುವ ಹಳೇ ಪೈಪಿನ ತುಂಡನ್ನು ಉದ್ದಕ್ಕೆ ಸೀಳಿ ಆ ಅಂಚಿಗೆ ಸಿಕ್ಕಿಸಿ. ತಳಕ್ಕೆ ನಾಲ್ಕೈದು ಸಣ್ಣ ತೂತು ಹಾಕಿ, ನೀರು ಹೊಕ್ಕರೂ ಇಳಿದು ಹೋಗಲಿ. ಆಮೇಲೆ ಮುಕ್ಕಾಲು ಭಾಗ ಹುಲ್ಲು ತುಂಬಿ.

ಮೇಲೆ ಹೊದಿಸಲು ಹಳೇ ಫ್ಲೆಕ್ಸ್‌ಗಿಂತ ಒಳ್ಳೆಯದು ಇಲ್ಲ. ಯಾವುದಾದರೂ ಪುಢಾರಿಯ ಹುಟ್ಟುಹಬ್ಬ ಮುಗಿದ ಮೇಲೆ ಅದು ಹೇಗೂ ಮೋರಿಗೆ ಬೀಳುತ್ತದೆ. ಬಾಗಿಲಿನ ಕಡೆ ಅರ್ಧ ಅಡಿ ಮುಂದಕ್ಕೆ ಚಾಚಿಕೊಳ್ಳುವಂತೆ ಕಟ್ಟಿ. ನಗುವ ಮುಖ ಒಳಗಿರಲಿ ಹೊರಗಿರಲಿ, ಬೆಕ್ಕಿಗೆ ಎರಡೂ ಒಂದೇ.

ಬಾಗಿಲು ಒಂದಿರಬೇಕೋ ಎರಡೋ? ಹಿಮ ಬೀಳುವ ದೇಶಗಳಲ್ಲಿ ಬಿಸಿ ಉಳಿಯಲಿ ಅಂತ ಒಂದೇ ಇಡುತ್ತಾರೆ. ನಮ್ಮಲ್ಲಿ ಚಳಿಗಿಂತ ನಾಯಿಯ ಭಯ ಜಾಸ್ತಿ. ಬಾಗಿಲಲ್ಲಿ ನಾಯಿ ಮೂತಿ ಇಟ್ಟು ನಿಂತರೆ ಬೆಕ್ಕಿಗೆ ಹಿಂದಿನಿಂದ ಓಡಲು ದಾರಿ ಬೇಕು. ಹಾಗಾಗಿ ನಾನು ಪಕ್ಕದ ಗೋಡೆಯಲ್ಲಿ ಇನ್ನೊಂದು ಕೊರೆಯುತ್ತೇನೆ, ಎದುರುಬದುರು ಬೇಡ, ಗಾಳಿ ಹೊಡೆಯುತ್ತದೆ. ಡಬ್ಬಿಯನ್ನು ಕಾಂಪೌಂಡ್ ಗೋಡೆಗೆ ಮುಖ ಮಾಡಿ, ಒಂದಡಿ ಸಂದಿ ಬಿಟ್ಟು ಇಡಿ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ಬೇಡವೇ ಬೇಡ. ಬೆಂಗಳೂರಿನ ಒಂದು ಜೋರು ಮಳೆಗೆ ಅಲ್ಲಿ ಕಾರುಗಳೇ ತೇಲುತ್ತವೆ.

ಡಬ್ಬಿಯ ಕೆಳಗೆ ನಾಲ್ಕು ಇಟ್ಟಿಗೆ ಇರಲೇಬೇಕು. ಮರಿ ಇದ್ದರೆ ಒಂದೊಂದು ಇಟ್ಟಿಗೆಯನ್ನೂ ನೀರು ತುಂಬಿದ ತಟ್ಟೆಯಲ್ಲಿ ನಿಲ್ಲಿಸಿ. ಅಡುಗೆಮನೆಯಲ್ಲಿ ಬೆಲ್ಲದ ಡಬ್ಬಕ್ಕೆ ಮಾಡುತ್ತಿದ್ದ ಉಪಾಯವೇ ಇದು. ಕಣ್ಣು ಬಿಡದ ಮರಿಗಳನ್ನು ಇರುವೆ ಮುತ್ತಿಕೊಂಡಿದ್ದನ್ನು ನೋಡಿದ ಮೇಲೆ ನಾನು ಇದನ್ನು ಮರೆತಿಲ್ಲ. ಅದೇ ಕಾರಣಕ್ಕೆ ಊಟ, ಹಾಲು ಯಾವುದನ್ನೂ ಒಳಗೆ ಇಡಬೇಡಿ.

ಬೆಕ್ಕನ್ನು ಹಿಡಿದು ಒಳಗೆ ತುರುಕಿದರೆ ಅದು ಮತ್ತೆ ಆ ಕಡೆ ತಲೆ ಹಾಕುವುದಿಲ್ಲ. ಮೊದಲ ನಾಲ್ಕು ದಿನ ಬಾಗಿಲ ಹತ್ತಿರ ಊಟ ಇಡಿ, ಆಮೇಲೆ ದಿನಕ್ಕಿಷ್ಟು ದೂರ ಸರಿಸಿ. ಇನ್ನೊಂದು ಉಪಾಯ ನಮ್ಮ ಕಾಲಬುಡದಲ್ಲೇ ಬೆಳೆಯುತ್ತದೆ: ಕುಪ್ಪಿಗಿಡ. ಮೋರಿ ಪಕ್ಕ, ಖಾಲಿ ಸೈಟಿನಲ್ಲಿ ಕಳೆಯಂತೆ ಇರುತ್ತದೆ. ಬೇರು ಸಮೇತ ಕಿತ್ತು, ಬೇರನ್ನು ಸ್ವಲ್ಪ ಜಜ್ಜಿ ಹುಲ್ಲಿನ ಮೇಲೆ ಉಜ್ಜಿ ತೆಗೆಯಿರಿ. ಅದರ ವಾಸನೆಗೆ ಎಷ್ಟೋ ಬೆಕ್ಕುಗಳು ಮೈಮರೆತು ಹೊರಳಾಡುತ್ತವೆ. ವಿದೇಶದಲ್ಲಿ ಕ್ಯಾಟ್‌ನಿಪ್ ಅಂತ ದುಡ್ಡು ಕೊಟ್ಟು ಕೊಳ್ಳುವ ಮಜಾ ನಮ್ಮಲ್ಲಿ ಪುಕ್ಕಟೆ.

ಕ್ಲೀನ್ ಮಾಡುವುದರಲ್ಲೇ ನಮ್ಮ ಜನ ಎಡವುವುದು. ಒಳ್ಳೇ ಮನಸ್ಸಿನಿಂದಲೇ ಡಬ್ಬಿಗೆ ಫಿನಾಯಿಲ್ ಹಾಕಿ ತೊಳೆಯುತ್ತಾರೆ. ಬೇಡ. ಫೀನಾಲ್ ಜಾತಿಯ ರಾಸಾಯನಿಕವನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಲಿವರಿಗೆ ತೀರಾ ಕಡಿಮೆ. ಪಾದಕ್ಕೆ ಅಂಟಿದ್ದನ್ನು ನೆಕ್ಕಿಯೇ ವಿಷವೇರುತ್ತದೆ. ಚಿಗಟ ಬರದಿರಲಿ ಅಂತ ಡಾಂಬರು ಗುಳಿಗೆ ಹಾಕುವವರೂ ಇದ್ದಾರೆ, ಅದೂ ವಿಷವೇ. ನಾಯಿಗೆ ಹಚ್ಚುವ ಚಿಗಟದ ಔಷಧಿಯಲ್ಲಿ ಪರ್ಮೆಥ್ರಿನ್ ಇದ್ದರೆ ಬೆಕ್ಕಿಗೆ ಫಿಟ್ಸ್ ಬರುತ್ತದೆ. ಸೋಪು ನೀರು, ಆಮೇಲೆ ಬಿಸಿಲು, ಅಷ್ಟೇ. ಒಂದೇ ಒಂದು ಸಂದರ್ಭ ಬೇರೆ: ಡಬ್ಬಿಯಲ್ಲಿದ್ದ ಮರಿ ವಾಂತಿ ಭೇದಿಯಾಗಿ ಸತ್ತರೆ ಅದು ಪ್ಯಾನ್‌ಲ್ಯುಕೊಪೀನಿಯ ಅನ್ನುವ ಬೆಕ್ಕಿನ ವೈರಸ್ ರೋಗ ಇರಬಹುದು. ಆ ವೈರಸ್ ವರ್ಷದವರೆಗೂ ಹಾಗೇ ಕೂತಿರಬಲ್ಲದು. ಹುಲ್ಲು ಸುಡಿ, ಥರ್ಮಾಕೋಲ್ ಡಬ್ಬಿ ಎಸೆದುಬಿಡಿ. ಲಸಿಕೆ ಆಗದ ಮರಿಯನ್ನು ಆ ಜಾಗಕ್ಕೆ ಬಿಡಬೇಡಿ.

ಮಳೆಗಾಲದಲ್ಲಿ ಎರಡು ಮೂರು ವಾರಕ್ಕೊಮ್ಮೆ ಹುಲ್ಲು ಬದಲಿಸಬೇಕು. ಕೈ ಹಾಕುವ ಮುಂಚೆ ಡಬ್ಬಿ ತಟ್ಟಿ, ಟಾರ್ಚ್ ಬಿಟ್ಟು ನೋಡಿ. ಒಳಗೆ ಬೆಕ್ಕೇ ಇರಬೇಕು ಅಂತೇನಿಲ್ಲ, ಹಾವೂ ಇರಬಹುದು. ಬೆಕ್ಕು ಕಚ್ಚಿದರೆ, ಪರಚಿದರೆ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅವತ್ತೇ ರೇಬೀಸ್ ಚುಚ್ಚುಮದ್ದಿಗೆ ಹೋಗಿ. ರೇಬೀಸ್ ನಾಯಿಯಿಂದ ಮಾತ್ರ ಬರುತ್ತೆ ಅನ್ನುವುದು ತಪ್ಪು.

ರಾಯಚೂರು, ಕಲಬುರಗಿ ಕಡೆಯವರಿಗೆ ಒಂದು ಮಾತು. ಏಪ್ರಿಲ್, ಮೇ ಬಿಸಿಲಿಗೆ ಈ ಡಬ್ಬಿ ಒಲೆಯಾಗುತ್ತದೆ, ಎತ್ತಿಟ್ಟುಬಿಡಿ. ಆಗ ಬೇಕಾಗುವುದು ನೆರಳು, ಮಣ್ಣಿನ ಬೋಗುಣಿಯಲ್ಲಿ ನೀರು.

ಇಷ್ಟೆಲ್ಲ ಮಾಡಿ ಸಂತಾನಹರಣ ಮಾಡಿಸದಿದ್ದರೆ ನೀವು ಹೆರಿಗೆ ಮನೆ ಕಟ್ಟಿದ ಹಾಗೆ. ಹೆಣ್ಣು ಬೆಕ್ಕು ನಾಲ್ಕೈದು ತಿಂಗಳಿಗೇ ಬೆದೆಗೆ ಬರಬಹುದು. ಗರ್ಭ ಸುಮಾರು 65 ದಿನ. ಮರಿಗೆ ಹಾಲು ಕುಡಿಸುತ್ತಿರುವಾಗಲೇ ಮತ್ತೆ ಗಬ್ಬವಾಗುವುದೂ ಉಂಟು. ಡಬ್ಬಿಗೆ ಒಗ್ಗಿದ ಬೆಕ್ಕಿನ ಓಡಾಟದ ಹೊತ್ತು ನಿಮಗೆ ಗೊತ್ತಿರುತ್ತದೆ, ಬೋನು ಇಟ್ಟು ಹಿಡಿಯುವುದು ಅಷ್ಟು ಸುಲಭ. ಆಪರೇಷನ್ ಮಾಡುವಾಗಲೇ ಕಿವಿಯ ತುದಿ ಸ್ವಲ್ಪ ಕತ್ತರಿಸುತ್ತೇವೆ, ದೂರದಿಂದಲೇ ಗುರುತು ಸಿಗಲಿ ಅಂತ. ಅಸೋಸಿಯೇಷನ್‌ನವರು ತಕರಾರು ತೆಗೆದರೆ 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳನ್ನು ತೋರಿಸಿ. ಯಾರದೂ ಅಲ್ಲದ ಪ್ರಾಣಿಗಳ ಊಟದ ವ್ಯವಸ್ಥೆ ನಿವಾಸಿಗಳ ಸಂಘದ ಹೊಣೆಯೂ ಹೌದು ಅಂತ ಅದರಲ್ಲಿದೆ. ಡಬ್ಬಿಯ ಮಾತು ಅದರಲ್ಲಿಲ್ಲ, ಅದನ್ನು ನಯವಾಗಿ ಮಾತಾಡಿಯೇ ಗಿಟ್ಟಿಸಬೇಕು.

ಅಜ್ಜಿಯ ಹಸಿರು ಮನೆ ಈಗಲೂ ಇದೆ. ಕಮಾನಿಗೆ ಹಲಗೆ ಹೊಡೆದು ಆರು ಇಂಚಿನ ಕಿಂಡಿ ಮಾಡಿಸಿದ್ದಾರೆ, ಒಳಗೆ ಲಸಿಕೆಯ ಡಬ್ಬಿ ಇಳಿಸಿ ಹುಲ್ಲು ತುಂಬಿದ್ದಾರೆ. ಬೆಕ್ಕಿನ ಕಿವಿ ತುದಿ ನಾನೇ ಕತ್ತರಿಸಿದ್ದು. ಮೊನ್ನೆ ಫೋನ್ ಮಾಡಿ, "ಡಾಕ್ಟ್ರೇ, ಮಾವಿನ ಅಂಗಡಿಯವನಿಗೆ ಹುಲ್ಲಿಗೆ ಹೇಳಿಟ್ಟಿದೀನಿ, ನಿಮಗೂ ಒಂದು ಮೂಟೆ ಹೇಳ್ಲಾ?" ಅಂದರು. ಎರಡು ಹೇಳಿ ಅಂದೆ.